ಕೆಳಗೆ ಜನವಸತಿ ಇಲ್ಲ

ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೆ ಉಳಿದಿರುವ ಕೆಲಸ ಸಹಿ ಹಾಕುವುದೊಂದೇ. ಶಂಕರಪುರದ ಹಳೇ ಮನೆಯೊಂದರ ಮಹಡಿಯಲ್ಲಿ ಚಕ್ರಪಾಣಿಯ ಕಚೇರಿ. ಅಣೆಕಟ್ಟುಗಳ ವಿನ್ಯಾಸ ಮಾಡಿಕೊಡುತ್ತಾನೆ. ಪ್ರತಿ ವರದಿಯ ಕೊನೆಯ ಪುಟದಲ್ಲಿ ಬದರೀನಾರಾಯಣ, ಹಿರಿಯ ಎಂಜಿನಿಯರ್ ಎಂದು ನನ್ನ ಹೆಸರು. ನನ್ನ ಮಂಡಿಗೆ ಆ ಮೆಟ್ಟಿಲು ಹತ್ತುವುದೇ ಸಾಕುಸಾಕಾಗುತ್ತದೆ.

ಬುಧವಾರ ಸಹಿಗೆ ಬಂದ ವರದಿಗೆ ಆಗಲೇ ಅರಿಶಿನ ಕುಂಕುಮ ಹಚ್ಚಿಯಾಗಿತ್ತು. 'ಅಣೆಕಟ್ಟು ಒಡೆದರೆ' ಎಂಬ ಅಧ್ಯಾಯವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಸ್ತು ದೇವತೆಗಳು ಕೇಳಿಸಿಕೊಂಡು 'ಅಸ್ತು' ಎಂದುಬಿಟ್ಟರೆ ಎಂದು ಚಕ್ರಪಾಣಿಗೆ ಭಯ. ಹಾಗಾಗಿ ಅದು ಬರೀ 'ಒಂಬತ್ತನೇದು'. ಹಳೇ ವರದಿಯಿಂದ ಎತ್ತಿ ಹಾಕಿ, ಹೊಳೆಯ ಹೆಸರು ಬದಲಾಯಿಸಿದರೆ ಮುಗಿಯಿತು.

"ಸರ್, ಒಂಬತ್ತನೇದು ಸ್ವಲ್ಪ ಓದ್ತೀರಾ?" ಎಂದಳು ತೇಜಸ್ವಿನಿ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಎಂಜಿನಿಯರ್.

ಬೇಸರದಿಂದಲೇ ಓದಿದೆ. 'ಕೆಳಗೆ ಐದು ಕಿಲೋಮೀಟರ್‌ವರೆಗೆ ಜನವಸತಿ ಇಲ್ಲ.'

ಅವಳು ನಕ್ಷೆ ಬಿಡಿಸಿದಳು. ಮುಳುಗಡೆಯಾಗುವ ಊರಿನವರಿಗೆಂದು ನಾವೇ ಗುರುತಿಸಿದ ಹೊಸ ಬಡಾವಣೆ, ನೂರಾ ನಲವತ್ತು ಮನೆ, ಅಣೆಕಟ್ಟಿನಿಂದ ಎರಡೇ ಕಿಲೋಮೀಟರ್ ಕೆಳಗೆ, ಹೊಳೆಯ ಪಕ್ಕದಲ್ಲೇ ಇತ್ತು.

"ಡ್ಯಾಮ್ ಒಡೆದ್ರೆ ಹತ್ತು ನಿಮಿಷಕ್ಕೆ ನೀರು ಅಲ್ಲಿರತ್ತೆ ಸರ್."

"ಬಿಡ್ತು ಅನ್ನಮ್ಮ," ಎಂದ ಚಕ್ರಪಾಣಿ. "ಸರ್, ಹನ್ನೆರಡಕ್ಕೆ ರಾಹುಕಾಲ. ಸಹಿ ಹಾಕ್ಬಿಡಿ."

ಮೈ ಉರಿದುಹೋಯಿತು. ಅವನ ಮೇಲಲ್ಲ. ಆ ವಾಕ್ಯ ನನ್ನದು. ಹನ್ನೆರಡು ವರ್ಷದ ಹಿಂದೆ, ಕಾಡಿನೊಳಗಿನ ಒಂದು ಅಣೆಕಟ್ಟಿಗಾಗಿ ಎರಡು ದಿನ ಹೊಳೆಯುದ್ದಕ್ಕೂ ನಡೆದು ನೋಡಿ ಬರೆದಿದ್ದೆ. ಅಲ್ಲಿ ಅದು ನಿಜವಾಗಿತ್ತು. ಆಮೇಲೆ ಬಂದ ವರದಿಗಳಲ್ಲಿ ಒಂಬತ್ತನೆಯದನ್ನು ತೆರೆದೂ ನೋಡದೆ ಸಹಿ ಗೀಚಿದವನೂ ನಾನೇ.

"ಬಡಾವಣೆ ನಕ್ಷೇಲಿರೋ ಈ ಎತ್ತರದ ದಿಬ್ಬಕ್ಕೆ ಹೋಗ್ಲಿ. ಅಲ್ಲೀವರ್ಗೂ ನಾನು ಸಹಿ ಹಾಕಲ್ಲ," ಎಂದೆ.

"ಆರು ತಿಂಗಳು ಹೋಗತ್ತೆ ಸರ್. ಕೆಲಸಾನೇ ಕೈತಪ್ಪಬಹುದು," ಎಂದ ಚಕ್ರಪಾಣಿ.

"ತಪ್ಪಲಿ ಬಿಡಪ್ಪ."

ಚಕ್ರಪಾಣಿ ಎದ್ದು ಹೋದ. ತೇಜಸ್ವಿನಿಯ ಮುಖ ಅರಳಿತು.

"ಬೀರು ಮೇಲೆ ಹಳೇ ವರದಿಗಳಿವೆ. ಎಲ್ಲಾ ಇಳಿಸಮ್ಮ," ಎಂದೆ.

ಏಳಿದ್ದವು. ಒಂದೊಂದನ್ನೂ ಧೂಳು ಒರೆಸಿ, ಒಂಬತ್ತನೆಯದನ್ನು ತೆರೆದು ಮೇಜಿನ ಮೇಲಿಟ್ಟಳು. ಏಳರಲ್ಲೂ ನನ್ನ ವಾಕ್ಯ. ಅವಳ ಮುಖದ ನಗು ಇಳಿದಿತ್ತು.

"ಇದ್ರಲ್ಲಿ ಎಷ್ಟು ಡ್ಯಾಮ್ ಕಟ್ಟಿಯಾಗಿದೆ ಸರ್?"

"ನಾಲ್ಕು," ಎಂದೆ. "ಈ ಮಳೆಗೆ ನಾಲ್ಕೂ ತುಂಬಿವೆ."