ಹದಿನಾಲ್ಕು ಮನೆಗಳಿಂದ ಬದನೆಕಾಯಿ ವಾಪಸ್ಸು

೧

ಎಲ್ಲಿಂದ ಶುರು ಮಾಡಲಿ? ತೋಟದಿಂದ ಶುರು ಮಾಡಿದರೆ ನೀವು ಇಬ್ಬನಿ, ಹಕ್ಕಿ, ಮಣ್ಣಿನ ವಾಸನೆ ಎಲ್ಲ ಕೇಳುತ್ತೀರಿ. ನನಗೆ ಅವು ಬರೆಯಲು ಬರುವುದಿಲ್ಲ. (ಬಂದಿದ್ದರೆ ಹಲಸೂರಲ್ಲಿ ಕೂತು ತರಕಾರಿ ಗುಂಪಿನ ವಾರದ ಕರಪತ್ರ ಯಾಕೆ ಬರೆಯುತ್ತಿದ್ದೆ?) ಗಾದೆಯಿಂದ ಶುರು ಮಾಡೋಣವೆಂದರೆ ನೆನಪಾಗುವುದು ಒಂದೇ: ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅದು ನನ್ನ ಮುಖ ನೋಡಿಯೇ ಹೇಳಿದ ಹಾಗಿದೆ.

ಸರಿ, ತಿನ್ನುವುದರಿಂದಲೇ ಶುರು. ಎರಡು ಸಾವಿರದ ಆರು, ಜುಲೈನ ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ವಾಂಗೀಬಾತಿನ ಎರಡನೇ ತುತ್ತು ಬಾಯಲ್ಲಿತ್ತು. ಬಾಗಿಲಲ್ಲಿ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ನಿಂತಿದ್ದರು: ನಮಗೆ ತರಕಾರಿ ಬೆಳೆದುಕೊಡುವ ಮಂಜುಳಮ್ಮ, ಅದನ್ನು ಹಂಚಿಕೊಡುವ ಬಿಲ್ಕೀಸ್.

"ಅಕ್ಕ, ಉಗೀರಿ!" ಅಂದರು ಮಂಜುಳಮ್ಮ.

ನುಂಗಿಯಾಗಿತ್ತು.

(ಕಥೆ ಬರೆಯುತ್ತಿದ್ದೇನೆ ಅಂದಮೇಲೆ ಸಾಯಲಿಲ್ಲ ಅಂತ ನಿಮಗೆ ಗೊತ್ತಾಯ್ತು. ಸಸ್ಪೆನ್ಸ್ ಇಲ್ಲಿಗೇ ಹಾಳು. ನನಗೆ ಹೊಟ್ಟೆ ಕೂಡ ಕೆಡಲಿಲ್ಲ.)

೨

ಹಿನ್ನೆಲೆ ಕೊಡಲೇಬೇಕು, ಬೇಗ ಮುಗಿಸುತ್ತೇನೆ.

ಹಲಸೂರು, ಇಂದಿರಾನಗರ, ಶಿವಾಜಿನಗರದ ನಾವು ಹದಿನಾಲ್ಕು ಮನೆಯವರು ಮಂಜುಳಮ್ಮನ ಎರಡೂವರೆ ಎಕರೆಯ ಬೆಳೆಗೆ ಪಾಲುದಾರರು. ತೋಟ ಹೊಸಕೋಟೆ ಕಡೆ. ಬಿತ್ತುವ ಮೊದಲೇ ನಮ್ಮ ಪಾಲು ಕೊಟ್ಟುಬಿಡುತ್ತಿದ್ದೆವು. ಬೆಳೆದದ್ದು, ಹೆಚ್ಚೋ ಕಮ್ಮಿಯೋ, ಪ್ರತಿ ಶನಿವಾರ ಟೆಂಪೋದಲ್ಲಿ ಬಿಲ್ಕೀಸ್ ಮನೆ ಕಾಂಪೌಂಡಿಗೆ ಬಂದು ಹದಿನಾಲ್ಕು ಚೀಲ ಆಗುತ್ತಿತ್ತು. ಷರತ್ತು ಒಂದೇ: ವಿಷ ಹೊಡೆಯಬಾರದು.

ಆ ಬುಧವಾರ ಮಂಜುಳಮ್ಮ ಹೊಡೆದರು.

ಗಂಡ ವೆಂಕಟಸ್ವಾಮಿ ತಂಗಿ ಮನೆಗೆ ಹೋಗಿದ್ದರು. ಹುಳ ಬದನೆಯನ್ನೆಲ್ಲ ತೂತು ಮಾಡುತ್ತಿತ್ತು, ಬೇವಿನ ಕಷಾಯಕ್ಕೆ ಜಗ್ಗಲಿಲ್ಲ. ಪಕ್ಕದ ತೋಟದಿಂದ ಒಂದು ಡಬ್ಬಿ ತಂದು ಎರಡು ಸಾಲಿಗೆ ಹೊಡೆದರು. ಆ ಸಾಲಿನ ಕಾಯಿ ಯಾರಿಗೂ ಕೊಡೋದು ಬೇಡ, ಗಿಡ ಉಳಿದರೆ ಸಾಕು ಅಂತ. ಆದರೆ ಕಾಯಿ ಬಿಡಿಸಲು ಮಹದೇವಪುರದಿಂದ ಬರುತ್ತಿದ್ದ ಯಂಕಮ್ಮನಿಗೆ ಅದನ್ನು ಹೇಳಲು ಮರೆತರು. ಶುಕ್ರವಾರ ಯಂಕಮ್ಮ ಎಂದಿನ ಹಾಗೆ ಎಲ್ಲ ಸಾಲನ್ನೂ ಬಿಡಿಸಿದಳು. ಮಾರನೇ ದಿನ ಟೆಂಪೋ ಹೋದಮೇಲೆ ಮಂಜುಳಮ್ಮ ನೋಡುತ್ತಾರೆ, ಆ ಎರಡೂ ಸಾಲು ಬೋಳು.

ಬಿಲ್ಕೀಸ್ ಮನೆ ಫೋನ್ ಕೆಟ್ಟಿತ್ತು. ಟಿನ್ ಫ್ಯಾಕ್ಟರಿ ಸ್ಟಾಪಿಗೆ ಒಂದು ಬಸ್ಸು, ಅಲ್ಲಿಂದ ಹಲಸೂರಿಗೆ ಇನ್ನೊಂದು. ಬರುವಷ್ಟರಲ್ಲಿ ಚೀಲಗಳೆಲ್ಲ ಮನೆ ಸೇರಿದ್ದವು.

೩ (ಹರಿದುಹಾಕಿದ್ದು)

ಮೊದಲ ಡ್ರಾಫ್ಟಿನಲ್ಲಿ ಮಂಜುಳಮ್ಮ ಬಸ್ಸು ಹತ್ತುವುದಿಲ್ಲ. ಸುಮ್ಮನಿರುತ್ತಾರೆ, ಪಾಪಪ್ರಜ್ಞೆಯಿಂದ ನರಳುತ್ತಾರೆ. ನಾಲ್ಕು ಪುಟ ನರಳಿಸಿದ್ದೆ. ಓದಿ ಹೇಳಿದಾಗ ಅವರು ಕೇಳಿದ್ದು ಇಷ್ಟೇ:

"ಸುಮ್ನಿರೋಳಾಗಿದ್ರೆ ನಿಮ್ಮನೆ ಬಾಗ್ಲಿಗ್ಯಾಕೆ ಬರ್ತಿದ್ದೆ?"

ಎರಡನೇ ಡ್ರಾಫ್ಟಿನಲ್ಲಿ ಒಂದು ಮಗುವನ್ನು ಆಸ್ಪತ್ರೆಗೆ ಸೇರಿಸಿದೆ. ಕಥೆಗೆ ತೂಕ ಬೇಡವೇ?

"ಯಾರ ಮಗೂನಕ್ಕ?"

"ಯಾರದೋ. ಕಥೇಲಿ ಅಷ್ಟೆ."

"ಕಥೇಲೂ ಬೇಡ. ಆವತ್ತು ಬಸ್ಸಲ್ಲಿ ಅಷ್ಟುದ್ದಕ್ಕೂ ಆ ಮಗೂನೇ ನೋಡ್ಕೊಂಡು ಬಂದಿದೀನಿ. ಸಾಕು."

ತೆಗೆದುಹಾಕಿದೆ.

೪

ಬಿಲ್ಕೀಸ್ ಗಂಡ ಚಾಂದ್ ಪಾಷಾ ಆಟೋ ತಂದರು. ಹಿಂದೆ ನಾವು ಮೂವರು, ಕಾಲ ಬಳಿ ಖಾಲಿ ಗೋಣಿಚೀಲ, ನನ್ನ ಕೈಯಲ್ಲಿ ಸದಸ್ಯರ ಪಟ್ಟಿ. ಪ್ರತಿ ಮನೆಯಲ್ಲೂ ಅದೇ ಮಾತು. ಬಿಲ್ಕೀಸ್ "ನಾನ್ ಹೇಳ್ತೀನಿ ಬಿಡಿ, ಕೆಟ್ಟೋಗಿದೆ ಅಂದ್ರಾಯ್ತು" ಅಂತ ಎಷ್ಟು ಹೇಳಿದರೂ ಮಂಜುಳಮ್ಮ ಕೇಳಲಿಲ್ಲ. ತಾವೇ ಮುಂದೆ ಹೋಗಿ, "ಔಷಧಿ ಹೊಡ್ದಿದ್ದೆ. ನಾನೇ. ಬದನೆಕಾಯಿ ವಾಪಸ್ ಕೊಡಿ," ಅನ್ನುತ್ತಿದ್ದರು.

ಹೆಚ್ಚಿನವರು ಮಾತಾಡದೆ ಕೊಟ್ಟರು. ಇಂದಿರಾನಗರದ ತೇಜಶ್ರೀ ಮಾತ್ರ ಗೇಟ್ ತೆಗೆಯದೆ, ಕಂಬಿ ಸಂದಿಯಿಂದ ಒಂದೊಂದೇ ಕಾಯಿ ಹಾಕಿದಳು. "ನಿಮ್ಮನ್ನ ನಂಬಿ ಮಾರ್ಕೆಟ್‌ಗೆ ಹೋಗೋದೇ ಬಿಟ್ಟಿದ್ದೆ. ನಾನ್ಸೆನ್ಸ್." ಮಂಜುಳಮ್ಮ ಚೀಲದ ಬಾಯಿ ಅಗಲಿಸಿ ಹಿಡಿದು, ಕೊನೆಯ ಕಾಯಿ ಬೀಳುವ ತನಕ ನಿಂತರು. ಅವಳ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರು ನಕ್ಕುಬಿಟ್ಟರು: "ಅಲ್ಲಮ್ಮ, ಅರವತ್ತು ವರ್ಷ ಔಷಧಿ ಹೊಡ್ದಿರೋದೇ ತಿಂದಿದೀನಿ. ಯಾರೂ ಆಟೋ ಮಾಡ್ಕೊಂಡು ಬಂದು ಕಿತ್ಕೊಂಡಿರ್ಲಿಲ್ಲ!" ಆದರೂ ಕೊಟ್ಟರು.

ಹದಿಮೂರು ಮನೆ ಆಯಿತು. ಉಳಿದದ್ದು ಒಂದು, ಶಿವಾಜಿನಗರದ ಶಂಶುನ್ನೀಸಾ ಅಜ್ಜಿಯದು. ಆ ಮನೆಯ ಹೆಸರು ಓದಿದಾಗ ಬಿಲ್ಕೀಸ್ ನನ್ನ ಕೈ ಹಿಡಿದುಕೊಂಡರು.

"ಅವ್ರ ಸೊಸೆ ಫಹ್ಮಿದಾಗೆ ಏಳು ತಿಂಗಳು. ಮೊದ್ಲಿನ ಎರಡೂ ನಿಲ್ಲಲಿಲ್ಲ. ಅದಕ್ಕೇ ಅವ್ರು ನಮ್ ಗುಂಪಿಗೆ ಸೇರಿದ್ದು, ಮಗೂಗೆ ಒಳ್ಳೇದು ಅಂತ."

ಮಂಜುಳಮ್ಮನಿಗೆ ಅದು ಗೊತ್ತಿರಲಿಲ್ಲ. ಚಾಂದ್ ಪಾಷಾ ಗೇರ್ ಬದಲಿಸಿದರು.

೫

ಓದುಗರೇ, ಇಲ್ಲಿ ನಾನು ನಿಮ್ಮನ್ನು ಸತಾಯಿಸಬಹುದಿತ್ತು. ಟ್ರಾಫಿಕ್ ಹಾಕಬಹುದಿತ್ತು, ಆಟೋ ಪಂಕ್ಚರ್ ಮಾಡಬಹುದಿತ್ತು. ಮನಸ್ಸು ಬರಲಿಲ್ಲ.

ಮಸೀದಿ ಪಕ್ಕದ ಓಣಿ, ಎರಡನೇ ಮಹಡಿ. ಮೆಟ್ಟಿಲಲ್ಲೇ ಎಣ್ಣೆ, ಮಸಾಲೆ ಘಂ ಅಂತಿತ್ತು. ಮಂಜುಳಮ್ಮ ಮೆಟ್ಟಿಲೇರಿದ ಹಾಗೆ ಈವರೆಗೂ ಯಾರೂ ಏರಿದ್ದು ನಾನು ನೋಡಿಲ್ಲ. ಬಾಗಿಲು ತೆರೆದೇ ಇತ್ತು. ಫಹ್ಮಿದಾ ಚಾಪೆ ಮೇಲೆ ಕೂತು ತಟ್ಟೆಗೆ ಕೈ ಹಾಕಿದ್ದಳು. ಮಂಜುಳಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಆ ತಟ್ಟೆ ಎತ್ತಿಕೊಂಡುಬಿಟ್ಟರು.

ತಟ್ಟೆಯಲ್ಲಿ ಆಲೂಗಡ್ಡೆ ಇತ್ತು.

ಅಡುಗೆಮನೆಯಿಂದ ಅಜ್ಜಿ ಬಂದರು. ಬಿಲ್ಕೀಸ್ ದಖ್ಖನಿ ಉರ್ದುವಿನಲ್ಲಿ ಗಡಿಬಿಡಿಯಾಗಿ ಎಲ್ಲ ಹೇಳಿದರು. ಅಜ್ಜಿ ಸೌಟು ಹಿಡಿದೇ ಕೇಳಿಸಿಕೊಂಡರು. ಆಮೇಲೆ ಮಂಚದ ಕೆಳಗಿಂದ ಬುಟ್ಟಿ ಎಳೆದರು. ಬದನೆಕಾಯಿ ಇದ್ದ ಹಾಗೇ ಇತ್ತು, ನಾಲ್ಕನ್ನು ಮಾತ್ರ ಸೀಳಿದ್ದರು.

"ನಾಲ್ಕು ಕಟ್ ಮಾಡ್ದೆ. ಒಂದ್ರಲ್ಲೂ ಹುಳ ಇಲ್ಲ! ನಿನ್ ಬೈಂಗನ್ ಕಟ್ ಮಾಡಿದ್ರೆ ಯಾವಾಗ್ಲೂ ಇಬ್ರು ಮೂವರು ಸಲಾಂ ಹೊಡೀತಾರೆ. ಇವತ್ತು ಯಾರೂ ಇಲ್ಲ. ನಂಗೆ ಡೌಟ್ ಬಂತು. ಹುಳಾನೇ ಬೇಡ ಅಂದಿದ್ದು ನನ್ ಬಹೂಗೆ ಯಾಕೆ ಅಂತ ಆಲೂ ಮಾಡ್ಬಿಟ್ಟೆ."

ಮಂಜುಳಮ್ಮ ತಟ್ಟೆ ಹಿಡಿದೇ ಗೋಡೆಗೆ ಒರಗಿ ಕೂತರು. ಅಳುತ್ತಾರೆ ಅಂದುಕೊಂಡೆ. ಇಲ್ಲ, ನಗು. ನಗು ಮುಗಿಯುವುದರೊಳಗೆ ಅಳು, ಮತ್ತೆ ನಗು. ಫಹ್ಮಿದಾ ಮೆಲ್ಲಗೆ ಕೈ ಚಾಚಿದಳು.

"ಆಂಟಿ, ನನ್ ಪ್ಲೇಟ್ ಕೊಡ್ತೀರಾ? ಹಸಿವಾಗ್ತಿದೆ."

ಅಜ್ಜಿ ನಮಗೂ ಬಡಿಸಿದರು. ಅಷ್ಟು ರುಚಿಯಾದ ಆಲೂಗಡ್ಡೆ ನಾನು ಆಮೇಲೆ ತಿಂದಿಲ್ಲ.

೬

ಈಗ ಮುಕ್ತಾಯ. ಸ್ಟಾಕಿನಲ್ಲಿ ಮೂರಿವೆ.

ಅ) ಎಲ್ಲರೂ ಕ್ಷಮಿಸಿದರು. (ಸುಳ್ಳು. ತೇಜಶ್ರೀ ಗುಂಪು ಬಿಟ್ಟಳು.)

ಆ) ಗುಂಪು ಮುರಿದುಬಿತ್ತು. (ಸುಳ್ಳು. ಮುಂದಿನ ಶನಿವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು.)

ಇ) ಸೆಪ್ಟೆಂಬರಿನಲ್ಲಿ ಫಹ್ಮಿದಾಗೆ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದರು. (ನಿಜ. ಆದರೆ ಅದು ಆ ಮಗುವಿನ ಕಥೆಯ ಶುರು, ನನ್ನದರ ಕೊನೆಗೆ ಅಂಟಿಸುವುದು ನ್ಯಾಯವಲ್ಲ.)

"ಹಂಗಾದ್ರೆ ಹೆಂಗೆ ಮುಗಿಸ್ಲಿ?" ಅಂತ ಮಂಜುಳಮ್ಮನನ್ನೇ ಕೇಳಿದೆ.

"ಮುಗೀತು ಅಂತ ಯಾರು ಹೇಳಿದ್ರು? ಆ ಮೂಟೆ ಏನಾಯ್ತು ಅಂತ ಬರ್ದ್ರಾ?"

ನಿಜ. ತಿಪ್ಪೆಗೆ ಹಾಕಿದರೆ ಹಸು ತಿನ್ನುತ್ತದೆ. ಚರಂಡಿಗೆ ಹಾಕುವುದು ತಪ್ಪು. ತೋಟದ ಮೂಲೆಯಲ್ಲಿ ಆಳವಾಗಿ ಹೂಳುತ್ತೇನೆಂದು ಆವತ್ತು ಅವರೇ ಹೊತ್ತುಕೊಂಡರು. ಮಧ್ಯಾಹ್ನ ಟಿನ್ ಫ್ಯಾಕ್ಟರಿ ತನಕ ನಾನೂ ಹೋಗಿದ್ದೆ. ಅವರನ್ನು ಹೊಸಕೋಟೆ ಬಸ್ಸಿಗೆ ಹತ್ತಿಸಿ, ಮೂಟೆಯನ್ನು ಮೇಲಕ್ಕೆ ತಳ್ಳಿಕೊಟ್ಟೆ. ಅವರು ಅದನ್ನು ಮಡಿಲಿಗೆ ಎಳೆದುಕೊಂಡು ಕಿಟಕಿ ಪಕ್ಕ ಕೂತರು. ಪಕ್ಕದಲ್ಲಿದ್ದ ಹೆಂಗಸು ಗೋಣಿಯ ಬಾಯಿ ಸರಿಸಿ, ಒಂದು ಕಾಯಿ ಎತ್ತಿ, ಬೆಳಕಿಗೆ ತಿರುಗಿಸಿ ನೋಡಿದಳು.

"ಎಷ್ಟ್ ಚೆನ್ನಾಗಿದೆ! ಕೇಜಿ ಹೆಂಗ್ ಕೊಡ್ತೀಯಮ್ಮ?"

ಮಂಜುಳಮ್ಮ ಅವಳ ಕಡೆ ತಿರುಗಿ ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಹೊರಟಿತು.