ಅಕ್ಕನ ಬೀದಿ

"ಬಚ್ಚಲಿಗೆ ಹೋಗ್ಬೇಡ ಕಣೋ, ನಲ್ಲಿ ಕೆಟ್ಟಿದೆ," ಎನ್ನುತ್ತಾ ಅಕ್ಕ ಅಡ್ಡ ಬಂದು ನಿಂತಳು.

ತಮ್ಮನಿಗೆ ಅದನ್ನೆಲ್ಲ ವಿಚಾರಿಸುವ ವ್ಯವಧಾನವಿರಲಿಲ್ಲ. ನಗರಸಭೆಯಲ್ಲಿ ಕಸ ಸಾಗಿಸುವ ಕೆಲಸಕ್ಕೆ ಅವನಿನ್ನೂ ಹಂಗಾಮಿ ಮೇಲ್ವಿಚಾರಕ. ಕಮಿಷನರು ಈಗಲೋ ಆಗಲೋ ಬರುವವರಿದ್ದರು. ದಿನಾ ಬರುವ ಕಸದ ಗಾಡಿ ವಾರಕ್ಕೊಮ್ಮೆ ಬಂದರೆ ಸಾಕೇ ಎಂಬ ಪ್ರಶ್ನೆ ಎದ್ದಿತ್ತು. ಯಾವ ಮನೆಯಲ್ಲಿ ಎಷ್ಟು ಕಸ, ಇಡಲು ಜಾಗವೆಷ್ಟು ಎಂದು ಮೊದಲು ಅಧ್ಯಯನ ಮಾಡಿಸೋಣವೆಂದು ಯಾರೋ ಅಂದಾಗ ಕಮಿಷನರು, "ವರ್ಷಗಟ್ಟಲೆ ಯಾರ್ರೀ ಕಾಯ್ತಾರೆ? ಒಂದು ಬೀದೀಲಿ ಮಾಡಿ ನೋಡಿಬಿಡೋಣ," ಎಂದಿದ್ದರು. ಯಾವ ಬೀದಿ ಎಂದು ಕೇಳಿದ್ದೇ ತಡ, ಇವನು ಅಕ್ಕನ ಬೀದಿ ಸೂಚಿಸಿದ್ದ. ಗೊತ್ತಿರುವ ಜನ, ತಕರಾರು ತೆಗೆಯುವುದಿಲ್ಲ. ತನ್ನ ಜಾಣತನಕ್ಕೆ ತಾನೇ ಬೀಗಿಯೂ ಇದ್ದ, ಪುಣ್ಯಾತ್ಮ.

ತಿಂಗಳು ಕಳೆದರೂ ಬೀದಿಯಲ್ಲಿ ಚೂರು ಕಸವಿಲ್ಲ, ಯಾರದೂ ದೂರಿಲ್ಲ. ಇವತ್ತು ಕಮಿಷನರು ಕಣ್ಣಾರೆ ಕಂಡು ಒಪ್ಪಿದರೆ ಊರಿಗೆಲ್ಲ ಇದೇ ಪದ್ಧತಿ. ಇವನ ಕೆಲಸವೂ ಖಾಯಂ.

ಆದರೆ ಮನೆಯೊಳಗೆ ಏನೋ ಗಬ್ಬು ನಾರುತ್ತಿತ್ತು. ಅಕ್ಕನನ್ನು ಸರಿಸಿ ಚಿಲಕ ತೆಗೆದ. ಬಚ್ಚಲ ತುಂಬ ಸೊಂಟದೆತ್ತರಕ್ಕೆ ಕಸದ ಚೀಲಗಳು. ನೊಣಗಳು ಮುಖಕ್ಕೆ ರಾಚಿದವು.

"ಇಷ್ಟೂ ನಿಂದೇನೇ?"

"ಎದುರುಮನೆಯೋರು ಬೀದಿಗೆ ಎಸೀತೀವಿ ಅಂದ್ರು. ಪಕ್ಕದ ಮನೇಲಿ ಎಳೇ ಕೂಸು. ಎಲ್ಲಾ ಇಲ್ಲೇ ತಂದಿಡಿ ಅಂದೆ. ನಿನ್ನ ಹೆಸರು ಕೆಡಬಾರದಲ್ಲ."

"ಮತ್ತೆ ಸ್ನಾನ?"

"ಅಡುಗೆಮನೆ ಬಾಗಿಲು ಹಾಕ್ಕೊಂಡು ಹೇಗೋ ಮಾಡ್ತೀನಿ. ಇವತ್ತೊಂದಿನ ಸುಮ್ನಿರು. ನಾಳೆ ಗಾಡಿ ಬಂದ್ರೆ ಎಲ್ಲಾ ಖಾಲಿ."

ಅವನಿಗೆ ಅಳು ಒತ್ತರಿಸಿ ಬಂತು, ಜೊತೆಗೇ ಭಯ. ಊರಿನ ಉಳಿದ ಬೀದಿಗಳಲ್ಲಿ ಅವನಿಗೆ ಅಕ್ಕಂದಿರಿರಲಿಲ್ಲ. ಹೊರಗೆ ಕಾರಿನ ಹಾರನ್ ಕೇಳಿಸಿತು. ಚಿಲಕ ಹಾಕಿ ಓಡಿದ.

"ಭೇಷ್ ಕಣ್ರೀ," ಕಮಿಷನರು ಬೀದಿಯುದ್ದಕ್ಕೂ ಕಣ್ಣಾಡಿಸಿದರು. "ಅಧ್ಯಯನ ಬೇಕಂತೆ, ಅಧ್ಯಯನ. ಆದೇಶ ಇವತ್ತೇ ಹೊರಡಿಸ್ತೀನಿ. ನಿಮ್ಮದನ್ನೂ ಮರೆಯೋಲ್ಲ."

ಹೂಂ ಎಂದರೆ ಮುಗಿದುಹೋಗುತ್ತಿತ್ತು.

"ಸಾರ್, ಬಿಸಿಲಲ್ಲಿ ಬಂದಿದೀರಿ. ನಮ್ಮಕ್ಕನ ಮನೆ ಇದೇ. ಒಳಗೆ ಬಂದು ಮುಖ ತೊಳ್ಕೊಳ್ಳಿ."

ಕಮಿಷನರು ಗಡಿಯಾರ ನೋಡಿಕೊಂಡು, ಆಗಲಿ ಎಂದು ಬೂಟು ಬಿಚ್ಚಲು ಬಗ್ಗಿದರು.

ಒಳಗೆ ಅಕ್ಕ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಹಗ್ಗದ ಮೇಲಿದ್ದ ಒಗೆದ ಟವೆಲನ್ನು ಎಳೆದುಕೊಂಡು ಪಕ್ಕಕ್ಕೆ ಸರಿದಳು.