ಗಂಗೆ ಬಾಗಿಲು

ಹೊನ್ನಕುಂಟೆಯಲ್ಲಿ ಮದುವೆಯ ಮೊದಲ ಕರೆ ಹೋಗುವುದು ಗಂಗಮ್ಮನಿಗೆ. ಚಪ್ಪರ ಎದ್ದ ಮರುದಿನ ಬೆಳಿಗ್ಗೆ ಊರಿನ ಹಿರಿಯ ಮುತ್ತೈದೆ ಕಳಸ ಹಿಡಿದು ಊರ ಮುಂದಿನ ಕುಂಟೆಗೆ ಹೋಗುತ್ತಾಳೆ. ನೀರಿಗೆ ಅರಿಶಿನ ಕುಂಕುಮ ಬಿಟ್ಟು, ತಂಬಿಟ್ಟಿನ ದೀಪ ಬೆಳಗಿ, ಕಳಸ ಮುಳುಗಿಸಿ ತರುತ್ತಾಳೆ. ಆ ನೀರು ಹೊಸ್ತಿಲು ದಾಟಿದ ಮೇಲೆಯೇ ಮದುವೆಯ ಒಲೆ ಹೊತ್ತುವುದು. ಕೊಳಾಯಿ ನೀರು ಆಗದು, ಬೋರ್‌ವೆಲ್ ನೀರೂ ಆಗದು. ಆಕಾಶ ಕಂಡ ನೀರೇ ಆಗಬೇಕು. ಹೀಗೆಂದು ಯಾರು ಕಟ್ಟು ಮಾಡಿದರೋ ತಿಳಿಯದು. ತಾಯಿಯ ವಿಷಯದಲ್ಲಿ ಅಷ್ಟೆಲ್ಲ ಕೇಳುವವರೂ ಅಲ್ಲಿಲ್ಲ.

ಆ ಕುಂಟೆ ಈಗ ಒಂದು ವಿಲ್ಲಾ ಬಡಾವಣೆಯ ಕಾಂಪೌಂಡಿನ ಒಳಗಿದೆ. ನಂದಗುಡಿ ರಸ್ತೆಯ ಎರಡೂ ಕಡೆ ಜಮೀನು ಕೈ ಬದಲಾದ ವರ್ಷಗಳಲ್ಲಿ ರಾಗಿ ಹೊಲಗಳ ಜೊತೆ ಅದೂ ಸೇರಿಹೋಯಿತು. ಪಟ್ಟಾ ಜಮೀನಿನ ಕುಂಟೆ. ಕಾಗದದ ಪ್ರಕಾರ ಊರಿಗೆ ಅದರಲ್ಲಿ ಹಕ್ಕಿರಲಿಲ್ಲ. ಬಡಾವಣೆಯ ತೋಟ, ಹಾದಿ, ನೀರು, ನೆರಳು ಎಲ್ಲವನ್ನೂ ರೂಪಿಸಲು ಕಂಪನಿಯವರು ಕರೆಸಿದ್ದು ಪ್ರಮೋದಾಳನ್ನು. ಅವಳು ಇದೇ ಊರಿನ ನೀರುಗಂಟಿ ಬೈಲಪ್ಪನ ಮಗಳು.

ಈಗ ಬತ್ತಿಹೋಗಿರುವ ಊರ ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಬೈಲಪ್ಪನ ಮನೆತನದ ಕೆಲಸವಾಗಿತ್ತು. ಊರಿನ ಪ್ರತಿ ಗದ್ದೆಗೂ ನೀರು ಅವನ ಕೈಯಿಂದಲೇ ಹೋಗುತ್ತಿತ್ತು. ಆದರೆ ಅವನಿಗೆ ಬಾಯಾರಿದರೆ ಯಾರ ಮನೆಯಲ್ಲೂ ಲೋಟ ಕೊಡುತ್ತಿರಲಿಲ್ಲ. ಜಗಲಿಯ ಕೆಳಗೆ ನಿಲ್ಲಿಸಿ ಬೊಗಸೆಗೆ ಹುಯ್ಯುತ್ತಿದ್ದರು. ಅದನ್ನು ಕಂಡು ಬೆಳೆದ ಹುಡುಗಿ ಮೈಸೂರಿಗೆ ಹೋಗಿ ಆರ್ಕಿಟೆಕ್ಚರ್ ಓದಿದಳು, ಅಹಮದಾಬಾದಿಗೆ ಹೋಗಿ ಲ್ಯಾಂಡ್‌ಸ್ಕೇಪ್ ಓದಿದಳು. ಮಗಳ ಕೆಲಸ ಏನೆಂದು ಕೇಳಿದವರಿಗೆ ಬೈಲಪ್ಪ, “ತ್ವಾಟದ ಇಂಜಿನಿಯರ್ರು” ಎನ್ನುತ್ತಿದ್ದ.

“ತ್ವಾಟಕ್ಕೂ ಇಂಜಿನಿಯರ್ ಬೇಕೇನ್ಲಾ ಬೈಲಾ?”

“ಬೇಕು ಕಣಣ್ಣ. ಕಳೆ ಕೀಳಾಕೂ ಜನ ಬೇಕಂತೆ, ನೀನೂ ಓಗಿ ಸೇರ್ಕೊ.”

ಇಪ್ಪತ್ತೆರಡು ವರ್ಷ ಆ ಕೆಲಸದಲ್ಲಿ ಕಳೆದವು. ಮೊದಲು ತಾರಸಿ ತೋಟಗಳು, ಆಮೇಲೆ ಅಪಾರ್ಟ್‌ಮೆಂಟಿನ ಹುಲ್ಲುಹಾಸುಗಳು, ಆಮೇಲೆ ದೇವನಹಳ್ಳಿ ಕಡೆಯ ಹೋಟೆಲುಗಳು. ಹೊಂಗೆ, ಹಿಪ್ಪೆ ನೆಡೋಣವೆಂದು ನಕ್ಷೆ ಒಯ್ದರೆ ಎಲೆ ಉದುರುತ್ತದೆ, ಕಾರು ಕೊಳೆಯಾಗುತ್ತದೆ ಎಂದು ಹೊಡೆದುಹಾಕುತ್ತಿದ್ದರು. ಬದಲಿಗೆ ಆಂಧ್ರದ ನರ್ಸರಿಗಳಿಂದ ತಾಳೆ ಜಾತಿಯ ಮರಗಳು ಲಾರಿಯಲ್ಲಿ ಮಲಗಿಕೊಂಡು ಬರುತ್ತಿದ್ದವು. ಅವಳು ಎಷ್ಟೋ ಕಡೆ ಸೋತಳು, ಕೆಲವು ಕಡೆ ಗೆದ್ದಳು. ನಿಂತ ನೀರನ್ನು ಅವಳಷ್ಟು ಚೆಂದ ಕಾಣಿಸುವವರು ಬೆಂಗಳೂರಿನಲ್ಲಿಲ್ಲ ಎಂದು ಅದೇ ವೃತ್ತಿಯವರು ಹೇಳುವ ಮಟ್ಟಕ್ಕೆ ಬಂದಳು.

ಹೊನ್ನಕುಂಟೆಯ ಕೆಲಸ ಕೈಗೆ ಬಂದಾಗ ಅವಳು ಒಂದು ವಿಷಯದಲ್ಲಿ ಬಗ್ಗಲಿಲ್ಲ. ಊರ ಕಡೆಯ ಗೋಡೆಯಲ್ಲಿ ಒಂದು ಬಾಗಿಲು ಇರಬೇಕು. ಮದುವೆ, ಹಬ್ಬಗಳಲ್ಲಿ ಊರಿನ ಹೆಂಗಸರು ಗಂಗೆ ತರಲು ಬಂದರೆ ಅದನ್ನು ತೆರೆಯಬೇಕು. ಕಂಪನಿಯ ಮ್ಯಾನೇಜರ್ ದೇವೇಂದ್ರ ಮೂರು ಮೀಟಿಂಗ್ ಎಳೆದಾಡಿ ಕೊನೆಗೆ ಒಪ್ಪಿದ. ಕಾವಲಿನವರಿಗೆಂದು ಅವಳೇ ಒಂದು ಸೂಚನೆ ಬರೆದು, ಇಬ್ಬರೂ ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಗಾರ್ಡ್ ರೂಮಿನಲ್ಲಿ ಅಂಟಿಸಿದರು. ಊರಿಗೆ ಸುದ್ದಿ ತಿಳಿಸಲು ಹೋದಾಗ ಊರಿನ ಹಿರಿಯ ರಾಮಾಂಜಿನಪ್ಪನವರ ಹೆಂಡತಿ ಲಕ್ಷ್ಮೀದೇವಮ್ಮ ಅವಳ ಕೈ ಹಿಡಿದುಕೊಂಡು ಜಗಲಿಯ ಮೇಲೆ ಕೂರಿಸಿದಳು. ಊರಿನ ಯಾವ ಮದುವೆಯಲ್ಲೂ ಗಂಗೆ ತರುವವಳು ಅವಳೇ.

“ನಿಮ್ಮಪ್ಪುನ್ಗೆ ನಮ್ಮತ್ತೆ ಬೊಗ್ಸೇಗೆ ನೀರು ಉಯ್ಯೋರು. ನಾನೂ ಉಯ್ದಿದೀನಿ ಕಣವ್ವಾ, ಸುಳ್ಳ್ಯಾಕೆ ಯೋಳ್ಲಿ. ಈವತ್ತು ನೀನು ಬಾಗ್ಲು ತೆಗ್ಸಿದ್ರೆ ನಮ್ಗೆ ಗಂಗೆ. ಆ ತಾಯಿ ಆಟ ನೋಡು!” ಎಂದು ನಕ್ಕು, ಒಳಗಿನಿಂದ ಲೋಟದಲ್ಲಿ ಕಾಫಿ ತಂದುಕೊಟ್ಟಳು.

ಆ ಕಾಫಿಯ ರುಚಿ ಪ್ರಮೋದಾಳಿಗೆ ಬಹಳ ದಿನ ನಾಲಗೆಯ ಮೇಲಿತ್ತು. ಮನುಷ್ಯರಿಗೆ ಗರ್ವ ಯಾವ ರೂಪದಲ್ಲಿ ಬರುತ್ತದೆಂದು ಹೇಳಲಾಗದು; ಕೆಲವೊಮ್ಮೆ ಅದು ಉಪಕಾರದ ರೂಪದಲ್ಲೇ ಬರುತ್ತದೆ.

ಕುಂಟೆಗೆ ವರ್ಷವಿಡೀ ನೀರು ತುಂಬಿರಬೇಕೆಂದು ಕಂಪನಿಯವರ ಪಟ್ಟು. ಹಾಗಾಗಿ ತಳಕ್ಕೂ ದಂಡೆಗೂ ಕೃಷಿ ಹೊಂಡಕ್ಕೆ ಹಾಕುವಂಥ ಕಪ್ಪು ಪ್ಲಾಸ್ಟಿಕ್ ಶೀಟು ಹಾಸಿದರು. ದನ ಇಳಿಯುತ್ತಿದ್ದ ಹಳೆಯ ಇಳಿಜಾರು ಹೋಗಿ ದಂಡೆ ಕಡಿದಾಯಿತು. ಪ್ರಮೋದಾ ಬರೆದ ನಕ್ಷೆಯಲ್ಲಿ ಊರ ಬಾಗಿಲಿನಿಂದ ನೀರಿನವರೆಗೆ ಹನ್ನೊಂದು ಕಲ್ಲಿನ ಮೆಟ್ಟಿಲುಗಳಿದ್ದವು. ಕಲ್ಲು ಕೂರಿಸಿದರೆ ಶೀಟು ಹರಿಯುತ್ತದೆ ಎಂದು ಕಂಟ್ರಾಕ್ಟರ್ ತಗಾದೆ ತೆಗೆದ. ಹರಿಯದಂತೆ ಕೂರಿಸುವ ಬಗೆ ಅವಳಿಗೆ ಗೊತ್ತಿತ್ತು. ಎರಡು ತಿಂಗಳು ಹೆಚ್ಚು ಹಿಡಿಯುತ್ತಿತ್ತು ಅಷ್ಟೆ. ಒಂದು ಬೆಳಿಗ್ಗೆ ದಂಡೆಯ ಮೇಲೆ ನಿಂತು ನೋಡಿದಳು. ಅಡ್ಡಗೆರೆ ಒಂದೂ ಇಲ್ಲದೆ, ನೀರು ಆಕಾಶವನ್ನು ಅಂಚಿನಿಂದ ಅಂಚಿಗೆ ಹೊತ್ತುಕೊಂಡು ಮಲಗಿತ್ತು. ಆ ಸಂಜೆ ಅವಳು ಕಂಪನಿಗೆ ಪತ್ರ ಬರೆದಳು: ಮೆಟ್ಟಿಲು ಎರಡನೇ ಹಂತಕ್ಕೆ ಇರಲಿ, ಬಾಗಿಲು ಈಗಲೇ ಇರಲಿ.

ಮಾಘ ಮಾಸದಲ್ಲಿ ಲಕ್ಷ್ಮೀದೇವಮ್ಮನ ಮೊಮ್ಮಗಳು ಸಿಂಚನಳ ಮದುವೆ ಬಂತು. ಒಂಬತ್ತು ಜನ ಹೆಂಗಸರು, ಒಂದು ವಾಲಗ. ಬಾಗಿಲು ತೆರೆದವನು ಗಾರ್ಡ್ ಪಿಳ್ಳಣ್ಣ. ದೇವನಹಳ್ಳಿ ಕಡೆಯ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಕೊಂಡಿದ್ದು, ಕಣ್ಣು ಮಂಜಾದ ಮೇಲೆ ಕಾವಲಿಗೆ ಸೇರಿದ್ದ ಅರವತ್ತರ ಮನುಷ್ಯ. ಸೂಚನೆಯಲ್ಲಿದ್ದಂತೆ ಬೀಗ ತೆಗೆದು, ಚಪ್ಪಲಿ ಬಿಟ್ಟು, ಪಕ್ಕಕ್ಕೆ ನಿಂತ.

ಲಕ್ಷ್ಮೀದೇವಮ್ಮ ದೀಪ ಬೆಳಗಿದಳು. ಕಳಸ ಮುಳುಗಿಸಲು ಒಂದು ಹೆಜ್ಜೆ ಕೆಳಗಿಟ್ಟಳು. ಪಾಚಿ ಹಿಡಿದ ಶೀಟಿನ ಮೇಲೆ ಕಾಲು ನಿಲ್ಲಲಿಲ್ಲ. ಜಾರಿದವಳು ಮೇಲಕ್ಕೆ ಬರಲು ಕೈಯೂರಿದಲ್ಲೆಲ್ಲ ಜಾರಿತು. ಹಿಡಿಯಲು ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಸೊಸೆ ಸೆರಗು ಬಿಚ್ಚಿ ಎಸೆದಳು. ಪಿಳ್ಳಣ್ಣ ಇಳಿದ, ಅವನೂ ಜಾರಿದ. ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು ಅವನನ್ನು ಮಾತ್ರ ಎಳೆದುಕೊಂಡರು. ವಾಲಗದವರು ಊದುವುದನ್ನು ನಿಲ್ಲಿಸಿದ್ದು ಯಾವಾಗ ಎಂಬುದು ಆಮೇಲೆ ಯಾರಿಗೂ ನೆನಪಿಗೆ ಬರಲಿಲ್ಲ.

ಮರುದಿನದ ಹೊತ್ತಿಗೆ ಗಾರ್ಡ್ ರೂಮಿನ ಸೂಚನೆ ಗೋಡೆಯ ಮೇಲಿರಲಿಲ್ಲ. ತಾಂಬೂಲದ ಆಸೆಗೆ ಅಪ್ಪಣೆಯಿಲ್ಲದೆ ಬೀಗ ತೆಗೆದನೆಂದು ಪಿಳ್ಳಣ್ಣನನ್ನು ಪೊಲೀಸರು ಕರೆದೊಯ್ದಿದ್ದರು. ಜಾಮೀನಿಗೆ ನಿಲ್ಲುವವರು ಅವನಿಗೆ ಯಾರೂ ಇರಲಿಲ್ಲ. ದೇವೇಂದ್ರ ಪ್ರಮೋದಾಳ ಆಫೀಸಿಗೆ ಬಂದು ಕುಳಿತ.

“ಮೇಡಂ, ಎರಡೇ ಲೈನು ಬರ್ಕೊಡಿ ಸಾಕು. ಆ ಬಾಗಿಲು ಬರೀ ಅಲಂಕಾರಕ್ಕೆ ಇಟ್ಟಿದ್ದು, ತೆಗೆಯೋಕಲ್ಲ ಅಂತ.”

“ತೆಗೀಬೇಕು ಅಂತ ನಾವಿಬ್ರೇ ಸಹಿ ಹಾಕಿದ್ವಲ್ಲ ದೇವೇಂದ್ರ?”

“ಎಲ್ಲಿದೆ ಅದು? ನನ್ನತ್ರ ಇಲ್ಲ. ನಿಮ್ಮತ್ರಾನೂ ಇಲ್ಲ ಅಂದ್ಕೊಂಡಿದೀನಿ.” ಅವನು ಧ್ವನಿ ತಗ್ಗಿಸಿದ. “ಬೈಯೋಕೆ ಬಂದಿಲ್ಲ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮೆಟ್ಲು ಬೇಡ ಅಂತ ಬರೆದಿರೋರು ನೀವು. ಆ ಪತ್ರ ಹೊರಗೆ ಬಂದ್ರೆ ನಾಳೆಯಿಂದ ನಿಮ್ಗೆ ಒಂದು ಕುಂಡ ಇಡೋ ಕೆಲಸಾನೂ ಯಾರೂ ಕೊಡಲ್ಲ.”

“ಪಿಳ್ಳಣ್ಣನ ಗತಿ?”

“ಅವನ ಹೆಸ್ರು ಯಾರಿಗೆ ಗೊತ್ತು ಬಿಡಿ.”

ದೇವೇಂದ್ರ ಎದ್ದು ಹೋದ. ಸೂಚನೆಯ ಮೂಲ ಪ್ರತಿ, ತನ್ನ ಪತ್ರ, ಹನ್ನೊಂದು ಮೆಟ್ಟಿಲಿದ್ದ ನಕ್ಷೆ ಮೂರೂ ಅವಳ ಬೀರುವಿನಲ್ಲಿದ್ದವು. ಕೊಟ್ಟರೆ ಆ ಮನುಷ್ಯ ಹೊರಗೆ ಬರುತ್ತಾನೆ, ತಾನು ಒಳಗೆ ಹೋಗಬೇಕಾಗುತ್ತದೆ. ಕೊಡದಿದ್ದರೆ ಎರಡು ದಶಕದ ಹೆಸರು ಉಳಿಯುತ್ತದೆ. ಐದು ದಿನ ಅವಳು ಬೀರುವಿನ ಬಾಗಿಲು ತೆಗೆಯಲಿಲ್ಲ.

ಆರನೆಯ ದಿನ ಊರಿಗೆ ಹೋದಳು. ತಮ್ಮ ಮುರಳಿಯ ಮನೆಯ ಮುಂದೆ ಬೈಲಪ್ಪ ಹಸುವಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದ. ಮಗಳು ಬಂದದ್ದನ್ನು ನೋಡಿಯೂ ಕುಡುಗೋಲು ನಿಲ್ಲಿಸಲಿಲ್ಲ. ಅವಳು ಕಲ್ಲಿನ ಮೇಲೆ ಕುಳಿತು ನಡೆದದ್ದನ್ನು ಹೇಳಿದಳು.

ಕುಡುಗೋಲು ಕೆಳಗಿಟ್ಟು ಅವನು ಕೇಳಿದ: “ತೂಬು ಎತ್ತೋಕೆ ಮುಂಚೆ ನಾನು ಏನ್ ಮಾಡ್ತಿದ್ದೆ, ನೆಪ್ಪೈತಾ?”

“ಏರಿ ಮೇಲೆ ನಿಂತ್ಕೊಂಡು ಕೂಗ್ತಿದ್ದೆ.”

“ಏನಂತ?”

“ನೀರು ಬತ್ತದೆ, ದನ ಕರ ಮಕ್ಳು ಮ್ಯಾಕ್ ಬನ್ರೋ ಅಂತ.”

“ಮೂರು ಕಿತ ಕೂಗ್ಬೇಕು. ಕೆಳಗಿಂದ ಯಾರಾನಾ ಓ ಅನ್ನೋಗಂಟ ತೂಬಿಗೆ ಕೈ ಹಾಕಂಗಿಲ್ಲ. ಗೌಡ್ರು ಬೈದ್ರೂ ಹಾಕಂಗಿಲ್ಲ. ನಮ್ಮಪ್ಪ ಹಂಗೆ, ಅವ್ರಪ್ಪ ಹಂಗೆ. ನಮ್ಗೆ ಅವ್ರು ಲೋಟ ಕೊಡ್ದಿದ್ರೂ ನಾವು ಕೂಗೋದು ಬಿಟ್ಟಿಲ್ಲ.” ಕಡ್ಡಿಯನ್ನು ಹಸುವಿನ ಮುಂದೆ ಹಾಕಿದ. “ಬಾಗ್ಲು ಐತೆ ಬನ್ರೀ ಅಂತ ನೀನು ಮನೆ ಮನೆಗೆ ಯೋಳ್ಬಂದೆ. ಮೆಟ್ಲು ಇಲ್ಲ, ಜ್ವಾಪಾನ ಅಂತ ಯಾರಿಗಾನಾ ಯೋಳಿದ್ಯೇನವ್ವಾ?”

ಅವಳು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ.

“ಅಪ್ಪ, ಕಾಗ್ದ ಕೊಟ್ರೆ ನನ್ ಕತೆ ಮುಗೀತು.”

“ಊಂ,” ಎಂದ ಬೈಲಪ್ಪ. ಒಳಗೆ ಹೋಗಿ ಮಗಳಿಗೆ ಮುದ್ದೆ ಹಾಕಲು ಸೊಸೆಗೆ ಹೇಳಿದ. ತಾನು ಊಟಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಠಾಣೆಯಲ್ಲಿದ್ದಳು. ಸಬ್ ಇನ್ಸ್‌ಪೆಕ್ಟರ್ ಮೂರೂ ಕಾಗದಗಳನ್ನು ಓದಿ ಮೇಜಿನ ಮೇಲೆ ಇಟ್ಟ.

“ಮೇಡಂ, ಓದಿದೋರು ನೀವು. ಇದನ್ನ ನಾನು ತಗೊಂಡ್ರೆ ಏನಾಗುತ್ತೆ ಗೊತ್ತಲ್ಲ? ಮೊದ್ಲನೇ ಹೆಸ್ರು ನಿಮ್ದೇ.”

“ಗೊತ್ತು ಸರ್.”

“ಕಂಪನಿಯೋರ ಮೇಲೆ ಸಿಟ್ಟಿದ್ಯಾ?”

“ಇಲ್ಲ.”

“ಮತ್ತ್ಯಾಕೆ?” ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವಳು ಹೇಳಿಕೆ ಬರೆದಳು: ಶೀಟು ಹರಿಯುವ ಭಯದಿಂದ ಮೆಟ್ಟಿಲು ಕೈಬಿಟ್ಟಿದ್ದು, ಒಪ್ಪಿಗೆ ಕೊಟ್ಟಿದ್ದು ತಾನು, ಗಾರ್ಡ್ ಸೂಚನೆಯಂತೆ ನಡೆದುಕೊಂಡಿದ್ದು. ಸಹಿ ಹಾಕಿದಳು.

ದೇವೇಂದ್ರ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ನಡೆಯುತ್ತಿದ್ದ ಆರು ಕೆಲಸಗಳು ಒಂದೊಂದಾಗಿ ಹೋದವು. ಅವಳು ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುವ ಜಾಮೀನಿನ ಮೇಲೆ ಹೊರಗಿದ್ದಳು. ಕಂಪನಿಯವರು ಊರ ಬಾಗಿಲಿಗೆ ಸಿಮೆಂಟ್ ಬ್ಲಾಕ್ ಇಟ್ಟು ಮುಚ್ಚಿಬಿಟ್ಟರು. ಸಿಂಚನಳ ಮದುವೆ ಸೂತಕ ಕಳೆದ ಮೇಲೆ ಹೊಸಕೋಟೆಯ ಛತ್ರದಲ್ಲಿ ನಡೆಯಿತು. ಕಳಸಕ್ಕೆ ಕ್ಯಾನ್ ನೀರು ತುಂಬಿದರಂತೆ. ರಾಮಾಂಜಿನಪ್ಪನವರ ಮನೆಗೆ ಪ್ರಮೋದಾ ಎರಡು ಸಲ ಹೋದಳು. ಎರಡು ಸಲವೂ ಬಾಗಿಲು ತೆರೆದಿತ್ತು, ಒಳಗೆ ಜನರಿದ್ದರು, ಯಾರೂ ಹೊರಗೆ ಬರಲಿಲ್ಲ.

ಪಿಳ್ಳಣ್ಣನನ್ನು ಆರೋಪದಿಂದ ಬಿಟ್ಟು ಸಾಕ್ಷಿ ಮಾಡಿಕೊಂಡರು. ಅವನು ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಡಾವಣೆಗೆ ಬಂದ ದಿನ ಪ್ರಮೋದಾ ರಸ್ತೆಯ ಬಸ್ ಸ್ಟಾಪಿನಲ್ಲಿ ಕಾದಿದ್ದಳು. ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಬಂದವನು ಅವಳನ್ನು ಕಂಡು ನಿಂತ.

“ಬೆಡ್‌ಶೀಟು ಕೊಟ್ರು. ಟಾರ್ಚು ಕೊಡ್ಲಿಲ್ಲ ಕಣವ್ವಾ, ಕಂಪನೀದಂತೆ,” ಎಂದ.

“ನನ್ನಿಂದ ನಿಮ್ಗೆ...”

“ಅದಿರ್ಲಿ. ಒಂದು ಮಾತು ಕೇಳ್ತೀನಿ. ಮೊದ್ಲು ಮೆಟ್ಲು ಬರ್ದಿದ್ರಂತೆ, ಲಾಯರ್ರು ಅಂದ್ರು. ಔದಾ?”

“ಹೌದು.”

“ಟಾರ್ಪಾಲು ಹರೀತದೆ ಅಂತ ಬಿಟ್ರಂತೆ.”

ಹೇಳಿಕೆಯಲ್ಲಿ ಅವಳು ಬರೆದದ್ದು ಅದನ್ನೇ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಠಾಣೆಯಲ್ಲಿ ಯಾರೂ ಕೇಳದಿದ್ದ ಮಾತು, ಅಪ್ಪನಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಬಾಯಿಗೆ ಬಂತು.

“ಅದಕ್ಕಲ್ಲ ಪಿಳ್ಳಣ್ಣ. ಹರೀದಂಗೆ ಮಾಡ್ಬೋದಿತ್ತು. ಮೆಟ್ಲಿಲ್ದಿದ್ರೆ ನೀರು ಚೆನ್ನಾಗಿ ಕಾಣ್ತಿತ್ತು. ಅದಕ್ಕೆ.”

ಪಿಳ್ಳಣ್ಣ ತನ್ನ ಮಂಜುಗಣ್ಣಿನಿಂದ ಅವಳನ್ನು ನೋಡಿದ. ಬೈಯಲಿಲ್ಲ, ಉಗಿಯಲಿಲ್ಲ.

“ಕಾಣ್ತಿತ್ತು,” ಎಂದ. “ಬೆಳಿಗ್ಗೆ ಹೊತ್ತು ನಾನೂ ನೋಡ್ಕೊಂಡು ನಿಂತ್ಕೊತಿದ್ದೆ.”

ಸೂಲಿಬೆಲೆ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸು ಬಂತು. ಗಂಟನ್ನು ಮೊದಲು ಒಳಗೆ ಹಾಕಿ, ಕಂಬಿ ಹಿಡಿದು ಹತ್ತಿದ. ಮೆಟ್ಟಿಲ ಮೇಲೆ ನಿಂತು ತಿರುಗಿದ.

“ಆಯಮ್ಮನ ಕೈ ಸಿಕ್ಕಿತ್ತು ಕಣವ್ವಾ ನಂಗೆ,” ಎಂದ. “ಬಳೆ ಒಡೆದು ಜಾರೋಯ್ತು.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಹೊಸಕೋಟೆ ಕಡೆಗೆ ಇನ್ನೊಂದು ಬಸ್ಸು ಬಂದು ನಿಂತಿತು, ಹತ್ತುವವರು ಹತ್ತಿದರು. ಪ್ರಮೋದಾ ಹತ್ತಲಿಲ್ಲ. ಅವಳಿಗೆ ಹೋಗಲು ಆ ಹೊತ್ತಿಗೆ ಎಲ್ಲಿಯೂ ಕೆಲಸವಿರಲಿಲ್ಲ.